ಗರ್ಭನಿರೋಧಕದ ಲೆಕ್ಕದಲ್ಲಿ ಬಿಟ್ಟುಹೋದ ಮೂಳೆ

ಯಲಹಂಕದಿಂದ ಪಶ್ಚಿಮಕ್ಕೆ ಹೋದರೆ ಸಿಗುವ ಹೆಸರಘಟ್ಟ ಎಂದೊಡನೆ ಹಲವರಿಗೆ ನೆನಪಾಗುವುದು ಬೆಂಗಳೂರಿಗೆ ಮೊದಲ ಬಾರಿಗೆ ಕೊಳಾಯಿ ನೀರು ಒದಗಿಸಿದ ಕೆರೆ ಮತ್ತು ಅದರ ಅಂಚಿನ ಹುಲ್ಲುಗಾವಲು. ಗರ್ಭನಿರೋಧಕ ಗುಳಿಗೆಗೂ ಈ ಊರಿಗೂ ಏನು ಸಂಬಂಧ ಎಂದು ಕೇಳಿದರೆ ಉತ್ತರಿಸುವವರು ವಿರಳ. ಸಂಬಂಧವಿದೆ, ಅದೂ ಎರಡು ಬಗೆಯದು. ಇಲ್ಲಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಹೊಲಗಳಲ್ಲಿ ಒಂದು ಕಾಲಕ್ಕೆ ಸ್ಟೀರಾಯ್ಡ್ ಹಾರ್ಮೋನುಗಳಿಗೆ ಕಚ್ಚಾವಸ್ತುವಾಗುವ ಬಳ್ಳಿಯನ್ನು ಬೆಳೆಸಿ, ತಳಿ ಸುಧಾರಿಸಲಾಯಿತು. ಅದೇ ಊರಿನ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಮೊಟ್ಟೆಯಿಡುವ ಕೋಳಿಗಳನ್ನು ಸಾಕಲಾಗುತ್ತದೆ. ಹೆಣ್ಣಿನ ಹಾರ್ಮೋನಿಗೂ ಮೂಳೆಗೂ ಇರುವ ನಂಟನ್ನು ವಿಜ್ಞಾನಕ್ಕೆ ಮೊದಲು ತೋರಿಸಿಕೊಟ್ಟದ್ದು ಮೊಟ್ಟೆಯಿಡುವ ಹಕ್ಕಿಗಳೇ.

ಬಳ್ಳಿ ಒಂದು ಕಡೆ, ಕೋಳಿ ಇನ್ನೊಂದು ಕಡೆ. ಇವೆರಡರ ಕಥೆ ಒಂದೇ ಪುಟಕ್ಕೆ ಬರಲು ಐವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಅಷ್ಟು ತಡವಾದದ್ದು ಏಕೆ ಎಂಬುದೇ ಈ ಲೇಖನದ ವಿಷಯ.

ಗೆಡ್ಡೆಯಿಂದ ಗುಳಿಗೆಗೆ

ಕಾಡುಗೆಣಸಿನ ಕುಲಕ್ಕೆ ಸೇರಿದ ಡಿಯೋಸ್ಕೋರಿಯ ಬಳ್ಳಿಗಳ ಗೆಡ್ಡೆಯಲ್ಲಿ ಡಯೋಸ್ಜೆನಿನ್ ಎಂಬ ರಾಸಾಯನಿಕವಿದೆ. (ನಾವು ಸಂಕ್ರಾಂತಿಗೆ ಬೇಯಿಸಿ ತಿನ್ನುವ ಸಿಹಿಗೆಣಸಿಗೂ ಇದಕ್ಕೂ ಸಸ್ಯಶಾಸ್ತ್ರದ ಪ್ರಕಾರ ನೆಂಟಸ್ತಿಕೆ ಇಲ್ಲ.) ಅಮೆರಿಕದ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ 1940ರ ದಶಕದ ಆರಂಭದಲ್ಲಿ ಮೆಕ್ಸಿಕೋದ ಕಾಡುಗೆಣಸಿನಿಂದ ಡಯೋಸ್ಜೆನಿನ್ ತೆಗೆದು, ಅದನ್ನು ಪ್ರೊಜೆಸ್ಟೆರೋನ್ ಆಗಿ ಮಾರ್ಪಡಿಸುವ ಸುಲಭ ಮಾರ್ಗ ಕಂಡುಹಿಡಿದ. ಅದುವರೆಗೆ ಪ್ರಾಣಿಗಳ ಅಂಗಾಂಶಗಳಿಂದ ಮಿಲಿಗ್ರಾಂ ಲೆಕ್ಕದಲ್ಲಿ ಸಿಗುತ್ತಿದ್ದ ಹಾರ್ಮೋನು ಕಿಲೋಗ್ರಾಂ ಲೆಕ್ಕದಲ್ಲಿ ಸಿಗತೊಡಗಿತು. ಮೆಕ್ಸಿಕೋದ ಸಿಂಟೆಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಕಾರ್ಲ್ ಜೆರಾಸಿಯ ತಂಡದ ಲೂಯಿಸ್ ಮಿರಾಮೊಂಟೆಸ್ ಎಂಬ ವಿದ್ಯಾರ್ಥಿ 1951ರಲ್ಲಿ ನಾರ್‌ಎಥಿಸ್ಟೆರೋನ್ ಸಂಶ್ಲೇಷಿಸಿದ. ಪ್ರೊಜೆಸ್ಟೆರೋನ್ ಬಾಯಿಯ ಮೂಲಕ ಸೇವಿಸಿದರೆ ಹೆಚ್ಚು ಪ್ರಯೋಜನವಿರಲಿಲ್ಲ. ಈ ಹೊಸ ಅಣು ನುಂಗಿದರೂ ಕೆಲಸ ಮಾಡುತ್ತಿತ್ತು. ಗುಳಿಗೆಯ ಯುಗಕ್ಕೆ ದಾರಿಯಾದದ್ದು ಹೀಗೆ.

1975ರಲ್ಲಿ ಮೆಕ್ಸಿಕೋ ಸರ್ಕಾರ ಈ ಗೆಡ್ಡೆಯ ವ್ಯಾಪಾರವನ್ನು ತನ್ನದೇ ಸಂಸ್ಥೆಯ ಕೈಗೆ ತೆಗೆದುಕೊಂಡಿತು. ಕಚ್ಚಾವಸ್ತುವಿಗೆ ಒಂದೇ ದೇಶವನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದು ಔಷಧ ಉದ್ಯಮಕ್ಕೆ ಅರಿವಾಯಿತು. ಭಾರತದಲ್ಲಿ ಹಿಮಾಲಯದ ಡಿಯೋಸ್ಕೋರಿಯ ಡೆಲ್ಟಾಯಿಡಿಯವನ್ನು ಕಾಡಿನಿಂದ ಅಗೆದು ತರುತ್ತಿದ್ದರು. ಅದು ನಿಧಾನವಾಗಿ ಬೆಳೆಯುವ ಬಳ್ಳಿಯಾದ್ದರಿಂದ ಕಾಡು ಬರಿದಾಗುವ ಭಯವಿತ್ತು. 1967ರಲ್ಲಿ ಸ್ಥಾಪನೆಯಾದ ಹೆಸರಘಟ್ಟದ ಸಂಸ್ಥೆ ಮಧ್ಯ ಅಮೆರಿಕ ಮೂಲದ ಡಿಯೋಸ್ಕೋರಿಯ ಫ್ಲೋರಿಬಂಡವನ್ನು ಹೊಲದ ಬೆಳೆಯನ್ನಾಗಿಸುವ ಕೆಲಸಕ್ಕೆ ಕೈಹಾಕಿತು. ಎಫ್‌ಬಿ(ಸಿ)-1 ಮತ್ತು ‘ಅರ್ಕಾ ಉಪಕಾರ್’ ಎಂಬ ತಳಿಗಳು ಇಲ್ಲಿಂದ ಹೊರಬಂದವು. ಬಳ್ಳಿಗೆ ಆಸರೆ ಕೊಟ್ಟು ಹಬ್ಬಿಸಿ, ಎರಡು ವರ್ಷ ಕಾದು ಅಗೆದರೆ ಒಣಗಿದ ಗೆಡ್ಡೆಯಲ್ಲಿ ಶೇಕಡ 3ರ ಆಸುಪಾಸಿನಲ್ಲಿ ಡಯೋಸ್ಜೆನಿನ್ ದೊರೆಯುತ್ತಿತ್ತು. ಬದನೆಯ ಕುಲದ ಮುಳ್ಳುಗಿಡವೊಂದರ ಕಾಯಿಯಲ್ಲಿರುವ ಸೊಲಸೊಡಿನ್ ಕೂಡ ಇದೇ ಕೆಲಸಕ್ಕೆ ಬರುತ್ತಿದ್ದುದರಿಂದ ಅದರಲ್ಲೂ ‘ಅರ್ಕಾ ಸಂಜೀವಿನಿ’, ‘ಅರ್ಕಾ ಮಹಿಮಾ’ ತಳಿಗಳನ್ನು ಬಿಡುಗಡೆ ಮಾಡಲಾಯಿತು. ಇವು ಗರ್ಭನಿರೋಧಕಕ್ಕೆ ಮಾತ್ರ ಮೀಸಲಾದ ಬೆಳೆಗಳಲ್ಲ. ಉರಿಯೂತಕ್ಕೆ ಕೊಡುವ ಕಾರ್ಟಿಸೋನ್ ಬಗೆಯ ಔಷಧಿಗಳಿಗೂ ಇವೇ ಮೂಲ. ಮುಂದೆ ಸೋಯಾ ಎಣ್ಣೆಯ ಉಪೋತ್ಪನ್ನಗಳನ್ನು ಸೂಕ್ಷ್ಮಜೀವಿಗಳಿಂದ ಮಾರ್ಪಡಿಸುವ ಅಗ್ಗದ ವಿಧಾನ ಬಂದು ಈ ಬೆಳೆಗಳ ಬೇಡಿಕೆ ಕುಸಿಯಿತು. ಇಂದು ಅವು ಔಷಧಿ ಸಸ್ಯಗಳ ಪಠ್ಯಪುಸ್ತಕದಲ್ಲಿ ಉಳಿದಿವೆ.

ಮಾತ್ರೆಗೆ ಮೊದಲಿನ ಮೈಸೂರು

ಜನನ ನಿಯಂತ್ರಣದ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದಲ್ಲ. ಮೈಸೂರು ಸಂಸ್ಥಾನದ ಸರ್ಕಾರ 1930ರ ಜೂನ್‌ನಲ್ಲಿ ಬೆಂಗಳೂರು ಮತ್ತು ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತು. ಒಂದು ಸರ್ಕಾರವೇ ಇಂಥ ಚಿಕಿತ್ಸಾಲಯ ನಡೆಸಿದ್ದು ಜಗತ್ತಿನಲ್ಲಿ ಇದೇ ಮೊದಲು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಸ್ವಾತಂತ್ರ್ಯಾನಂತರ, 1952ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೆಹಲಿಯ ಲೋದಿ ಕಾಲನಿ ಮತ್ತು ನಮ್ಮ ರಾಮನಗರದಲ್ಲಿ ‘ಸುರಕ್ಷಿತ ದಿನ’ಗಳ ಲೆಕ್ಕಾಚಾರದ ಪ್ರಯೋಗ ನಡೆಯಿತು. ಅಕ್ಷರ ಬಾರದ ಹೆಂಗಸರೂ ದಿನ ಎಣಿಸಲು ಅನುಕೂಲವಾಗಲೆಂದು ಬಣ್ಣಬಣ್ಣದ ಮಣಿಗಳ ಸರ ಕೊಟ್ಟಿದ್ದರು. ದಿನಕ್ಕೊಂದು ಮಣಿ ಸರಿಸಬೇಕು. ಬಣ್ಣ ನೋಡಿ ನಡೆದುಕೊಳ್ಳಬೇಕು. ಪ್ರಯೋಗ ಹೆಚ್ಚು ಫಲ ಕೊಡಲಿಲ್ಲ. ಋತುಚಕ್ರ ಎಲ್ಲರಲ್ಲೂ ಮಣಿಸರದಷ್ಟು ನಿಯತವಾಗಿರುವುದಿಲ್ಲವಲ್ಲ!

ಅಲ್ಲಿಂದ ಎಂಟೇ ವರ್ಷದಲ್ಲಿ, 1960ರಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎನೋವಿಡ್ ಎಂಬ ಗುಳಿಗೆಯನ್ನು ಗರ್ಭನಿರೋಧಕವಾಗಿ ಅಂಗೀಕರಿಸಿತು. ಗ್ರೆಗರಿ ಪಿಂಕಸ್, ಮಿನ್ ಚುಯೆ ಚಾಂಗ್, ಜಾನ್ ರಾಕ್ ಅವರ ಸಂಶೋಧನೆಯ ಫಲ ಅದು. 1956ರಿಂದ ಪೋರ್ಟೊರಿಕೋ ದ್ವೀಪದ ಬಡ ಹೆಂಗಸರ ಮೇಲೆ ಅದರ ಪರೀಕ್ಷೆ ನಡೆದಿತ್ತು. ಅಂದಿನ ಗುಳಿಗೆಯಲ್ಲಿದ್ದ ಹಾರ್ಮೋನಿನ ಪ್ರಮಾಣ ಇಂದಿನದಕ್ಕಿಂತ ಹಲವು ಪಟ್ಟು ಹೆಚ್ಚು. ಪರೀಕ್ಷಕರು ಗಮನಿಸಿದ್ದು ಗರ್ಭ ನಿಂತಿತೇ, ವಾಕರಿಕೆ ಇದೆಯೇ, ರಕ್ತಸ್ರಾವ ಹೇಗಿದೆ ಎಂಬುದನ್ನು. ಆಮೇಲೆ ರಕ್ತ ಹೆಪ್ಪುಗಟ್ಟುವಿಕೆ, ಕ್ಯಾನ್ಸರ್‌ಗಳ ಕಡೆ ದೃಷ್ಟಿ ಹೊರಳಿತು. ಮೂಳೆಯ ಬಗ್ಗೆ ಯಾರೂ ಕೇಳಲಿಲ್ಲ.

ಕೇಳದಿದ್ದುದಕ್ಕೆ ಅಜ್ಞಾನ ಕಾರಣ ಎನ್ನುವಂತಿಲ್ಲ.

ಹಕ್ಕಿ ಹೇಳಿದ ಗುಟ್ಟು

ಒಂದು ಕೋಳಿಮೊಟ್ಟೆಯ ಚಿಪ್ಪನ್ನು ತೊಳೆದು ಒಣಗಿಸಿ ತೂಗಿ ನೋಡಿ. ಐದಾರು ಗ್ರಾಂ ಇರುತ್ತದೆ. ಅದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಶುದ್ಧ ಕ್ಯಾಲ್ಸಿಯಂ ಲೆಕ್ಕ ಹಾಕಿದರೆ ಸುಮಾರು 2 ಗ್ರಾಂ. ಕೋಳಿಯ ಇಡೀ ಅಸ್ಥಿಪಂಜರದಲ್ಲಿರುವುದು 20 ಗ್ರಾಂನಷ್ಟು. ಅಂದರೆ ಪ್ರತಿ ಮೊಟ್ಟೆಗೂ ಅದು ತನ್ನ ಮೂಳೆಯ ಕ್ಯಾಲ್ಸಿಯಂನ ಹತ್ತನೆಯ ಒಂದು ಪಾಲಿಗೆ ಸಮನಾದುದನ್ನು ಹೊರಗೆ ಹಾಕುತ್ತದೆ. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ನಡೆಯುವುದು ರಾತ್ರಿ, ಕೋಳಿ ಮೇವು ತಿನ್ನದೆ ಮಲಗಿರುವಾಗ. ಹಾಗಾದರೆ ಕ್ಯಾಲ್ಸಿಯಂ ಬರುವುದು ಎಲ್ಲಿಂದ?

1934ರಲ್ಲಿ ಷಿಕಾಗೋದ ಪ್ರೆಸ್ಟನ್ ಕೈಸ್ ಮತ್ತು ಟ್ರೂಮನ್ ಪಾಟರ್ ಹೆಣ್ಣು ಪಾರಿವಾಳಗಳ ಕಾಲಿನ ಮೂಳೆ ಸೀಳಿ ನೋಡಿದಾಗ ಉತ್ತರ ಸಿಕ್ಕಿತು. ಮೊಟ್ಟೆಯಿಡುವ ಕಾಲ ಸಮೀಪಿಸಿದಂತೆ ಮೂಳೆಯ ಒಳಗಿನ ಪೊಳ್ಳಿನಲ್ಲಿ, ಮಜ್ಜೆ ಇರುವ ಜಾಗದಲ್ಲಿ, ಹೊಸದೊಂದು ಮೂಳೆ ಬೆಳೆದಿತ್ತು. ಗಂಡು ಪಾರಿವಾಳದಲ್ಲಿ ಅದು ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಇದು ಅಂಡಾಶಯದ ಈಸ್ಟ್ರೋಜನ್ ಹಾರ್ಮೋನಿನ ಕೆಲಸ ಎಂದು ತಿಳಿಯಿತು. ಹಕ್ಕಿಗೆ ಹೊರಗಿನಿಂದ ಈಸ್ಟ್ರೋಜನ್ ಚುಚ್ಚಿದರೂ ಮೂಳೆ ಬೆಳೆಯುತ್ತಿತ್ತು. ಇದನ್ನು ‘ಮಜ್ಜಾಸ್ಥಿ’ ಎನ್ನಬಹುದು. ಮೊಟ್ಟೆಗೆ ಬೇಕಾದ ಸುಣ್ಣವನ್ನು ಮುಂಚಿತವಾಗಿ ಕೂಡಿಟ್ಟು, ಬೇಕಾದಾಗ ತೆಗೆಯುವ ಕಣಜ ಅದು. (2005ರಲ್ಲಿ ಮೇರಿ ಶ್ವೈಟ್ಜರ್ ಟಿರನೊಸಾರಸ್ ಡೈನೊಸಾರಿನ ತೊಡೆಮೂಳೆಯಲ್ಲಿ ಇದೇ ಬಗೆಯ ಅಂಗಾಂಶ ಗುರುತಿಸಿ, ಆ ಪ್ರಾಣಿ ಹೆಣ್ಣೆಂದು ಹೇಳಿದ್ದು ಸ್ವಾರಸ್ಯಕರ.) ಹೆಬ್ಬಾಳದಲ್ಲಿ 1958ರಿಂದ ನಡೆಯುತ್ತಿರುವ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಇದು ಶರೀರಕ್ರಿಯಾ ವಿಜ್ಞಾನದ ಸಾಮಾನ್ಯ ಪಾಠ. ಪಂಜರದ ಕೋಳಿಗಳು ಮೂಳೆ ಬಲ ಕಳೆದುಕೊಂಡು ನಿಲ್ಲಲಾರದೆ ಬೀಳುವ ತೊಂದರೆಯನ್ನು 1950ರ ದಶಕದಲ್ಲೇ ಪಶುವೈದ್ಯರು ದಾಖಲಿಸಿದ್ದರು.

ಮನುಷ್ಯರ ವಿಷಯಕ್ಕೆ ಬಂದರೆ, ಬಾಸ್ಟನ್ನಿನ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1941ರಲ್ಲಿ ಬರೆದ ಪ್ರಬಂಧ ಮುಖ್ಯವಾದುದು. ಬೆನ್ನುಮೂಳೆ ಕುಸಿದ ರೋಗಿಗಳಲ್ಲಿ ಹೆಚ್ಚಿನವರು ಮುಟ್ಟು ನಿಂತ ಹೆಂಗಸರು ಎಂಬುದನ್ನು ಆತ ಗಮನಿಸಿದ. ಹಕ್ಕಿಗಳ ಮೇಲಿನ ಸಂಶೋಧನೆ ಆತನಿಗೆ ಗೊತ್ತಿತ್ತು. ಅಂಡಾಶಯ ಈಸ್ಟ್ರೋಜನ್ ಸ್ರವಿಸುವುದನ್ನು ನಿಲ್ಲಿಸಿದರೆ ಮೂಳೆ ಸವೆಯುತ್ತದೆ ಎಂದು ವಾದಿಸಿ, ಈಸ್ಟ್ರೋಜನ್ ಕೊಟ್ಟಾಗ ಮೂತ್ರದಲ್ಲಿ ಹೋಗುವ ಕ್ಯಾಲ್ಸಿಯಂ ಕಡಿಮೆಯಾಗುವುದನ್ನು ತೋರಿಸಿದ. ವಿಚಿತ್ರವೆಂದರೆ ಇದೇ ಆಲ್‌ಬ್ರೈಟ್ 1945ರ ವೈದ್ಯಕೀಯ ಪಠ್ಯವೊಂದರಲ್ಲಿ, ಹಾರ್ಮೋನು ಕೊಟ್ಟು ಅಂಡೋತ್ಸರ್ಗ ತಡೆದರೆ ಗರ್ಭಧಾರಣೆಯನ್ನೂ ತಡೆಯಬಹುದು ಎಂದು ಬರೆದಿದ್ದ. ಇದು ಗುಳಿಗೆ ಬರುವುದಕ್ಕೆ ಹದಿನೈದು ವರ್ಷ ಮೊದಲಿನ ಮಾತು. ಮೂಳೆಯ ಗುಟ್ಟು, ಗುಳಿಗೆಯ ಮುನ್ಸೂಚನೆ ಎರಡೂ ಒಬ್ಬನೇ ವೈದ್ಯನ ಬರಹದಲ್ಲಿವೆ. ಆದರೆ ಗುಳಿಗೆ ತಯಾರಿಸಿದವರು ಒಂದು ಪುಟವನ್ನಷ್ಟೇ ತೆಗೆದುಕೊಂಡಂತಿದೆ.

ಯಶವಂತಪುರಕ್ಕೆ ಹತ್ತಿರವಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಕಥೆಯ ಒಂದು ಎಳೆ ಸಿಗುತ್ತದೆ. ಅಲ್ಲಿನ ಜೀವರಸಾಯನ ವಿಭಾಗದ ಪಿ. ರಾಧಾಕಾಂತ ಅಡಿಗರು ಕೋಳಿಮೊಟ್ಟೆಯೊಳಗೆ ರೈಬೊಫ್ಲೇವಿನ್ ಜೀವಸತ್ವವನ್ನು ಹೊತ್ತು ತರುವ ಪ್ರೋಟೀನನ್ನು ಅಧ್ಯಯನ ಮಾಡಿದರು. ಕೋಳಿಯ ಯಕೃತ್ತು ಅದನ್ನು ತಯಾರಿಸುವುದು ಈಸ್ಟ್ರೋಜನ್ ಆಣತಿ ಕೊಟ್ಟಾಗ. ಅಂಥದೇ ಪ್ರೋಟೀನು ಸಸ್ತನಿಗಳ ಗರ್ಭಕ್ಕೂ ಬೇಕೆಂದು ಕಂಡು, ಅದರ ವಿರುದ್ಧ ಪ್ರತಿಕಾಯ ಬೆಳೆಸಿ ಗರ್ಭ ತಡೆಯಬಹುದೇ ಎಂದು ಇಲಿ ಮತ್ತು ಕೋತಿಗಳಲ್ಲಿ ಅವರ ತಂಡ ಪರೀಕ್ಷಿಸಿತು. ಅದೇ ಸಂಸ್ಥೆಯ ಎನ್. ಆರ್. ಮೌದ್ಗಲ್ ಅವರು ಪಿಟ್ಯುಟರಿ ಹಾರ್ಮೋನುಗಳನ್ನು ಪ್ರತಿಕಾಯಗಳಿಂದ ನಿಷ್ಕ್ರಿಯಗೊಳಿಸಿ ಕೋತಿಗಳ ಸಂತಾನಶಕ್ತಿಯನ್ನು ಅಭ್ಯಸಿಸಿದರು. ಇವು ಆಸ್ಪತ್ರೆಯ ಔಷಧವಾಗಲಿಲ್ಲ. ಆದರೆ ಒಂದು ವಿಷಯ ಇವುಗಳಿಂದ ಸ್ಪಷ್ಟವಾಗುತ್ತದೆ: ಈಸ್ಟ್ರೋಜನ್ ಗರ್ಭಕೋಶಕ್ಕೆ ಮಾತ್ರ ಸೇರಿದ ಹಾರ್ಮೋನಲ್ಲ. ಯಕೃತ್ತಿಗೂ ಅದರ ಮಾತು ಕೇಳಿಸುತ್ತದೆ, ಮೂಳೆಗೂ ಕೇಳಿಸುತ್ತದೆ.

ತೂಗಲು ತಕ್ಕಡಿ ಇರಲಿಲ್ಲ

ಹಾಗಿದ್ದರೂ ಗುಳಿಗೆಯ ಪರೀಕ್ಷಕರನ್ನು ಪೂರ್ತಿ ದೂಷಿಸುವುದು ನ್ಯಾಯವಲ್ಲ. 1960ರಲ್ಲಿ ಬದುಕಿರುವ ವ್ಯಕ್ತಿಯ ಮೂಳೆಯಲ್ಲಿ ಎಷ್ಟು ಖನಿಜವಿದೆ ಎಂದು ಅಳೆಯುವ ಉಪಕರಣವೇ ಇರಲಿಲ್ಲ. ಸಾಮಾನ್ಯ ಎಕ್ಸ್-ರೇ ಚಿತ್ರದಲ್ಲಿ ಸವೆತ ಕಣ್ಣಿಗೆ ಕಾಣಬೇಕಾದರೆ ಮೂಳೆಯ ಖನಿಜದಲ್ಲಿ ಶೇಕಡ 30ರಷ್ಟು ಕಳೆದುಹೋಗಿರಬೇಕು. ನೂರಕ್ಕೆ ಐದೋ ಆರೋ ಕಡಿಮೆಯಾದರೆ ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ. 1963ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಜಾನ್ ಕ್ಯಾಮೆರಾನ್ ಮತ್ತು ಜೇಮ್ಸ್ ಸೊರೆನ್ಸನ್ ವಿಕಿರಣಶೀಲ ಮೂಲದಿಂದ ಹೊರಟ ಫೋಟಾನುಗಳನ್ನು ಮುಂಗೈ ಮೂಳೆಯ ಮೂಲಕ ಹಾಯಿಸಿ, ಎಷ್ಟು ಹೀರಲ್ಪಟ್ಟಿತು ಎಂಬುದರಿಂದ ಖನಿಜದ ಪ್ರಮಾಣ ಲೆಕ್ಕಹಾಕುವ ವಿಧಾನ ತಂದರು. ಬೆನ್ನುಮೂಳೆ ಮತ್ತು ತೊಡೆಮೂಳೆಯ ಕತ್ತನ್ನು ನಿಖರವಾಗಿ ಅಳೆಯುವ ಡೆಕ್ಸಾ ಯಂತ್ರ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ಕಿರಣಗಳನ್ನು ಹಾಯಿಸಿದರೆ ಮಾಂಸದ ಪಾಲನ್ನು ಕಳೆದು ಮೂಳೆಯ ಪಾಲನ್ನಷ್ಟೇ ಉಳಿಸಿಕೊಳ್ಳಬಹುದು ಎಂಬುದು ಅದರ ತತ್ತ್ವ.

ತಕ್ಕಡಿ ಬಂದ ನಾಲ್ಕೇ ವರ್ಷದಲ್ಲಿ ಸುದ್ದಿ ಹೊರಬಿತ್ತು.

ಮೂರು ತಿಂಗಳಿಗೊಂದು ಚುಚ್ಚುಮದ್ದು

ಇಲ್ಲಿ ಎರಡು ಬಗೆಯ ಹಾರ್ಮೋನು ಗರ್ಭನಿರೋಧಕಗಳನ್ನು ಬೇರ್ಪಡಿಸಿ ನೋಡಬೇಕು. ಸರ್ಕಾರ ಹಂಚುವ ಮಾಲಾ-ಎನ್‌ನಂಥ ಸಂಯುಕ್ತ ಗುಳಿಗೆಯಲ್ಲಿ ಪ್ರೊಜೆಸ್ಟೆರೋನ್ ಬಗೆಯ ಹಾರ್ಮೋನಿನ ಜೊತೆಗೆ 30 ಮೈಕ್ರೊಗ್ರಾಂ ಎಥಿನೈಲ್ ಈಸ್ಟ್ರಡಯಾಲ್ ಎಂಬ ಕೃತಕ ಈಸ್ಟ್ರೋಜನ್ ಇದೆ. ಅದು ಅಂಡಾಶಯವನ್ನು ಸುಮ್ಮನಿರಿಸುತ್ತದೆ ನಿಜ; ಆದರೆ ಅಂಡಾಶಯ ಕೊಡಬೇಕಾಗಿದ್ದ ಈಸ್ಟ್ರೋಜನ್ನಿನ ಜಾಗವನ್ನು ತಾನೇ ತುಂಬುತ್ತದೆ. ಹಾಗಾಗಿ ವಯಸ್ಕ ಮಹಿಳೆಯರಲ್ಲಿ ಮೂಳೆಗೆ ಹೇಳಿಕೊಳ್ಳುವಂಥ ನಷ್ಟ ಕಂಡಿಲ್ಲ. ಹದಿಹರೆಯದವರ ವಿಷಯ ಸ್ವಲ್ಪ ಭಿನ್ನ. ಮೂಳೆ ಇನ್ನೂ ಬಲಿಯುತ್ತಿರುವ ವಯಸ್ಸಿನಲ್ಲಿ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಇರುವ ಗುಳಿಗೆ ಸೇವಿಸಿದವರಲ್ಲಿ ಸಾಂದ್ರತೆಯ ಏರಿಕೆ ತುಸು ಮಂದವಾಗಿತ್ತೆಂದು ಕೆಲವು ಅಧ್ಯಯನಗಳು ಹೇಳುತ್ತವೆ.

ಡಿಎಂಪಿಎ, ಅಂದರೆ ಡೆಪೋ ಮೆಡ್ರಾಕ್ಸಿಪ್ರೊಜೆಸ್ಟೆರೋನ್ ಅಸಿಟೇಟ್ ಚುಚ್ಚುಮದ್ದಿನಲ್ಲಿ ಈಸ್ಟ್ರೋಜನ್ ಇಲ್ಲ. 150 ಮಿಲಿಗ್ರಾಂ ಔಷಧವನ್ನು ಸ್ನಾಯುವಿಗೆ ಚುಚ್ಚಿದರೆ ಅದು ಮೂರು ತಿಂಗಳ ಕಾಲ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಮೆದುಳಿನ ಹೈಪೊಥಲಾಮಸ್ ಮತ್ತು ಪಿಟ್ಯುಟರಿ ಗ್ರಂಥಿಗಳು ಅಂಡಾಶಯಕ್ಕೆ ಕಳಿಸುವ ಸಂದೇಶ ಕುಗ್ಗುತ್ತದೆ, ಅಂಡಕೋಶಿಕೆ ಬೆಳೆಯುವುದಿಲ್ಲ, ಗರ್ಭ ನಿಲ್ಲುವುದಿಲ್ಲ. ಅಂಡಕೋಶಿಕೆಯೇ ಈಸ್ಟ್ರೋಜನ್ನಿನ ತವರು. ಅದು ಬೆಳೆಯದಿದ್ದರೆ ರಕ್ತದಲ್ಲಿ ಈಸ್ಟ್ರೋಜನ್ ಮಟ್ಟವೂ ಇಳಿಯುತ್ತದೆ. ಮೂಳೆಯನ್ನು ಕರಗಿಸುವ ಜೀವಕೋಶಗಳಿಗೆ ಈಸ್ಟ್ರೋಜನ್ ಕಡಿವಾಣವಿದ್ದಂತೆ. ಕಡಿವಾಣ ಸಡಿಲಿದರೆ ಕಟ್ಟುವ ಕೆಲಸಕ್ಕಿಂತ ಕೆಡಹುವ ಕೆಲಸ ಮುಂದಾಗುತ್ತದೆ. ಅಂಡಾಶಯದ ಮಟ್ಟಿಗೆ ನೋಡಿದರೆ ಇದು ಆಲ್‌ಬ್ರೈಟ್ ಕಂಡ ಸ್ಥಿತಿಯ ಸೌಮ್ಯ ರೂಪ, ಆದರೆ ಇಪ್ಪತ್ತು–ಮೂವತ್ತರ ವಯಸ್ಸಿನಲ್ಲಿ.

ನ್ಯೂಜಿಲೆಂಡಿನಲ್ಲಿ ಈ ಚುಚ್ಚುಮದ್ದು ಬಹಳ ಹಿಂದಿನಿಂದ ಬಳಕೆಯಲ್ಲಿತ್ತು. ಅಲ್ಲಿನ ಟಿಮ್ ಕಂಡಿ ಮತ್ತು ಸಂಗಡಿಗರು ಕನಿಷ್ಠ ಐದು ವರ್ಷ ಇದನ್ನು ಪಡೆದ 30 ಮಹಿಳೆಯರನ್ನು ಡೆಕ್ಸಾ ಯಂತ್ರದಲ್ಲಿ ಪರೀಕ್ಷಿಸಿ 1991ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಚುಚ್ಚುಮದ್ದು ಪಡೆಯದ ಮಹಿಳೆಯರಿಗೆ ಹೋಲಿಸಿದರೆ ಬೆನ್ನುಮೂಳೆಯ ಸಾಂದ್ರತೆ ಶೇಕಡ 7.5, ತೊಡೆಮೂಳೆಯ ಕತ್ತಿನಲ್ಲಿ ಶೇಕಡ 6.6 ಕಡಿಮೆಯಿತ್ತು. ಮೂರು ವರ್ಷಗಳ ನಂತರ ಅದೇ ತಂಡ ಚುಚ್ಚುಮದ್ದು ನಿಲ್ಲಿಸಿದವರಲ್ಲಿ ಮೂಳೆ ಚೇತರಿಸಿಕೊಳ್ಳುವುದನ್ನೂ ವರದಿ ಮಾಡಿತು. ಅಮೆರಿಕವು ಈ ಔಷಧವನ್ನು 1978ರಲ್ಲಿ ನಿರಾಕರಿಸಿ 1992ರಲ್ಲಿ ಒಪ್ಪಿಕೊಂಡಿತ್ತು. ದೀರ್ಘಾವಧಿ ಅಧ್ಯಯನಗಳ ಆಧಾರದ ಮೇಲೆ 2004ರ ನವೆಂಬರ್‌ನಲ್ಲಿ ಅದರ ಪೊಟ್ಟಣದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಮುದ್ರಿಸಲು ಆದೇಶಿಸಿತು: ಬೇರೆ ವಿಧಾನ ಹೊಂದಿಕೆಯಾಗದ ಹೊರತು ಎರಡು ವರ್ಷಕ್ಕಿಂತ ಹೆಚ್ಚು ಬಳಸಬಾರದು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದೇ ಪುರಾವೆಗಳನ್ನು ಪರಿಶೀಲಿಸಿ ಬೇರೆ ನಿರ್ಧಾರಕ್ಕೆ ಬಂತು. 18ರಿಂದ 45 ವರ್ಷದವರಿಗೆ ಬಳಕೆಗಾಗಲಿ ಅವಧಿಗಾಗಲಿ ನಿರ್ಬಂಧ ಬೇಡ. ಅದಕ್ಕಿಂತ ಚಿಕ್ಕವರಿಗೆ ಮತ್ತು ದೊಡ್ಡವರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು, ಆದರೆ ಯೋಚಿಸಿ ಕೊಡಬೇಕು.

ಒಂದೇ ಅಂಕಿಯಿಂದ ಎರಡು ತೀರ್ಮಾನ ಹೊರಟದ್ದು ಹೇಗೆ? ಅಮೆರಿಕದ ಆಡಳಿತ ಸಾಂದ್ರತೆಯ ಇಳಿಕೆಯನ್ನು ನೋಡಿತು. ವಿಶ್ವ ಆರೋಗ್ಯ ಸಂಸ್ಥೆ ಬೇಡದ ಗರ್ಭ, ಹೆರಿಗೆಯ ಸಾವು ಇವುಗಳನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟಿತು. ನನ್ನ ದೃಷ್ಟಿಯಲ್ಲಿ ಎರಡೂ ವೈಜ್ಞಾನಿಕವೇ. ತರಗತಿಯಲ್ಲಿ ‘ವಿಜ್ಞಾನ ಏನು ಹೇಳುತ್ತದೆ?’ ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ನ್ಯಾಯಾಲಯದಿಂದ ಆರೋಗ್ಯ ಕೇಂದ್ರಕ್ಕೆ

ಭಾರತದಲ್ಲಿ ಚುಚ್ಚುಮದ್ದಿನ ದಾರಿ ನ್ಯಾಯಾಲಯದ ಮೂಲಕ ಹಾದುಬಂದಿದೆ. ಇನ್ನೊಂದು ಚುಚ್ಚುಮದ್ದಾದ ನೆಟ್-ಎನ್ ಪರೀಕ್ಷೆಯಲ್ಲಿ ಭಾಗವಹಿಸಿದ ಮಹಿಳೆಯರಿಗೆ ಸರಿಯಾದ ಮಾಹಿತಿ ಕೊಟ್ಟಿಲ್ಲವೆಂದು ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನ ಮತ್ತು ಇತರರು 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಡಿಎಂಪಿಎಯನ್ನು 1993ರಲ್ಲಿ ಖಾಸಗಿ ವೈದ್ಯರ ಮೂಲಕ ಮಾರಲು ಅನುಮತಿ ದೊರೆತಾಗ ವಿವಾದ ಮತ್ತೆ ಎದ್ದಿತು. 2000ದಲ್ಲಿ ಪ್ರಕರಣ ಮುಗಿದಾಗ ಇಂಥ ಚುಚ್ಚುಮದ್ದನ್ನು ಸರ್ಕಾರಿ ಕಾರ್ಯಕ್ರಮದಲ್ಲಿ ಸಾಮೂಹಿಕವಾಗಿ ಕೊಡುವುದು ಸೂಕ್ತವಲ್ಲ ಎಂಬುದು ಸರ್ಕಾರದ ನಿಲುವಾಗಿತ್ತು. 2015ರಲ್ಲಿ ಔಷಧ ತಾಂತ್ರಿಕ ಸಲಹಾ ಮಂಡಳಿ ಒಪ್ಪಿಗೆ ಕೊಟ್ಟಿತು; 2017ರಲ್ಲಿ ‘ಅಂತರ’ ಎಂಬ ಹೆಸರಿನಲ್ಲಿ ಅದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗತೊಡಗಿತು. ಜೊತೆಗೆ ಬಂದ ‘ಛಾಯಾ’ ಗುಳಿಗೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಆರ್ಮೆಲಾಕ್ಸಿಫಿನ್. ಇದು ಸ್ಟೀರಾಯ್ಡ್ ಅಲ್ಲ. ಈಸ್ಟ್ರೋಜನ್ ಗ್ರಾಹಕಗಳ ಮೇಲೆ ಒಂದೊಂದು ಅಂಗದಲ್ಲಿ ಒಂದೊಂದು ರೀತಿ ವರ್ತಿಸುತ್ತದೆ. ಅಂಡಾಶಯವನ್ನು ಅದು ಸುಮ್ಮನಿರಿಸುವುದಿಲ್ಲ.

ಚುಚ್ಚುಮದ್ದನ್ನು ವಿರೋಧಿಸಿದ ಮಹಿಳಾ ಸಂಘಟನೆಗಳ ಮುಖ್ಯ ಪ್ರಶ್ನೆ ಮೂಳೆಯೊಂದೇ ಆಗಿರಲಿಲ್ಲ. ದಿನಕ್ಕೆ ನೂರಾರು ಮಂದಿ ಬರುವ ಕೇಂದ್ರದಲ್ಲಿ ಅಡ್ಡಪರಿಣಾಮ ವಿವರಿಸುವವರು ಯಾರು, ಆಮೇಲೆ ವಿಚಾರಿಸುವವರು ಯಾರು ಎಂದು ಅವರು ಕೇಳಿದರು. ಮೂಳೆ ಸಾಂದ್ರತೆ ಇಳಿಯುತ್ತದೆ, ನಿಲ್ಲಿಸಿದ ಮೇಲೆ ಮರಳುತ್ತದೆ ಎಂದು ಆರೋಗ್ಯ ಸಚಿವಾಲಯದ 2016ರ ಕೈಪಿಡಿಯಲ್ಲಿ ಬರೆದಿದೆ. ಕೈಪಿಡಿಯಲ್ಲಿದ್ದ ಮಾತು ಬೆಂಚಿನ ಮೇಲೆ ಕೂತು ಸರದಿ ಕಾಯುವ ಹೆಂಗಸಿನ ಕಿವಿಗೆ ಬೀಳುತ್ತದೆಯೇ ಎಂಬ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಅಂಕಿಗಳನ್ನು ಓದುವುದು ಹೇಗೆ?

ಐದು ವರ್ಷ ಸತತವಾಗಿ ಚುಚ್ಚುಮದ್ದು ಪಡೆದರೆ ಬೆನ್ನುಮೂಳೆ ಮತ್ತು ಸೊಂಟದ ಸಾಂದ್ರತೆ ಸುಮಾರು ಶೇಕಡ 5ರಿಂದ 6ರಷ್ಟು ಇಳಿಯುತ್ತದೆ. ಇಳಿಕೆ ಮೊದಲ ಎರಡು ವರ್ಷದಲ್ಲಿ ಹೆಚ್ಚು. ಬಿಟ್ಟ ಮೇಲೆ ಬೆನ್ನುಮೂಳೆ ಬೇಗ, ಸೊಂಟ ನಿಧಾನವಾಗಿ ಚೇತರಿಸುತ್ತದೆ. ಶೇಕಡ 6 ಎಂದರೆ ಹೆದರಬೇಕೇ?

ಹೋಲಿಕೆಗೆ ಬಾಣಂತಿಯನ್ನು ತೆಗೆದುಕೊಳ್ಳಿ. ಗರ್ಭದಲ್ಲಿರುವ ಶಿಶುವಿನ ಅಸ್ಥಿಪಂಜರಕ್ಕೆ ಒಟ್ಟು 30 ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ಹೆರಿಗೆಯಾದ ಮೇಲೆ ಹಾಲಿನ ಮೂಲಕ ದಿನಕ್ಕೆ 200ರಿಂದ 300 ಮಿಲಿಗ್ರಾಂ ಹೊರಹೋಗುತ್ತದೆ. ಹಾಲೂಡಿಸುವ ಆರು ತಿಂಗಳಲ್ಲಿ ತಾಯಿಯ ಮೂಳೆ ಸಾಂದ್ರತೆ ಶೇಕಡ 3ರಿಂದ 7ರಷ್ಟು ಇಳಿದು, ಮಗು ಹಾಲು ಬಿಟ್ಟ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಕೋಳಿಯಂತೆ ಮಜ್ಜಾಸ್ಥಿಯ ಕಣಜ ಇಲ್ಲದಿದ್ದರೂ ಹೆಣ್ಣಿನ ದೇಹಕ್ಕೆ ಮೂಳೆಯಿಂದ ಸಾಲ ತೆಗೆದು ತೀರಿಸುವುದು ಗೊತ್ತಿದೆ. ಆದ್ದರಿಂದ ಐದು ವರ್ಷದ ಚುಚ್ಚುಮದ್ದಿನ ಇಳಿಕೆ ಒಂದು ಬಾಣಂತನದ ಇಳಿಕೆಯ ಆಸುಪಾಸಿನದೇ. ವ್ಯತ್ಯಾಸವಿರುವುದು ಸಾಲದ ಅವಧಿಯಲ್ಲಿ. ಬಾಣಂತಿಯ ಸಾಲ ತಿಂಗಳುಗಳದು, ಇದು ವರ್ಷಗಳದು.

ಮುಖ್ಯ ಪ್ರಶ್ನೆ ಮೂಳೆ ಮುರಿತದ್ದು. ಬ್ರಿಟನ್ನಿನ ಕುಟುಂಬ ವೈದ್ಯರ ದಾಖಲೆಗಳಲ್ಲಿದ್ದ ಮೂರು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮಾಹಿತಿ ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚುಚ್ಚುಮದ್ದು ಪಡೆದವರಲ್ಲಿ ಮುರಿತ ಹೆಚ್ಚಾಗಿದ್ದುದು ಕಂಡಿತು. ಆದರೆ ಅದೇ ಮಹಿಳೆಯರಲ್ಲಿ ಚುಚ್ಚುಮದ್ದು ಆರಂಭಿಸುವ ಮೊದಲೂ ಮುರಿತ ಹೆಚ್ಚಾಗಿಯೇ ಇತ್ತು! ಅಂದರೆ ಔಷಧ ಪಡೆದವರ ಜೀವನಸ್ಥಿತಿಯಲ್ಲೇ ಏನೋ ಭೇದವಿತ್ತು. ಎರಡು ಸಂಗತಿ ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಲ್ಲ ಎಂಬ ಸಂಖ್ಯಾಶಾಸ್ತ್ರದ ಪಾಠಕ್ಕೆ ಶಿಕ್ಷಕರು ಇದನ್ನು ಬಳಸಿಕೊಳ್ಳಬಹುದು.

ಇಲ್ಲೊಂದು ತಪ್ಪು ತಿಳಿವಳಿಕೆಯ ಬಗ್ಗೆ ಹೇಳಲೇಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ‘ಆಪರೇಷನ್ ಆದಾಗಿನಿಂದ ಸೊಂಟ ಬಿದ್ದುಹೋಯಿತು’ ಎಂಬ ಮಾತು ಆರ್.ಟಿ. ನಗರದಲ್ಲೂ ಕೇಳುತ್ತದೆ, ರಾಯಚೂರಿನಲ್ಲೂ ಕೇಳುತ್ತದೆ. ಆ ಶಸ್ತ್ರಚಿಕಿತ್ಸೆಯಲ್ಲಿ ಕಟ್ಟುವುದು ಅಂಡನಾಳವನ್ನು. ಅಂಡಾಶಯ ತನ್ನ ಪಾಡಿಗೆ ಈಸ್ಟ್ರೋಜನ್ ಸ್ರವಿಸುತ್ತಲೇ ಇರುತ್ತದೆ. ಮೂಳೆ ಸವೆಯಲು ಅದರಿಂದ ಕಾರಣವಿಲ್ಲ. ಮೇಲಾಗಿ ಮೂಳೆ ಸವೆತ ಮುರಿಯುವವರೆಗೆ ನೋವು ಕೊಡುವುದಿಲ್ಲ. ಮೂವತ್ತರ ಹೆಂಗಸಿನ ಸೊಂಟನೋವಿನ ಮೂಲವನ್ನು ಅವಳು ಹೊರುವ ಕೊಡ, ಕೂರುವ ಹೊಲಿಗೆ ಯಂತ್ರ ಇವುಗಳಲ್ಲಿ ಮೊದಲು ಹುಡುಕಬೇಕು. ನೋವು ಸುಳ್ಳೆಂದು ಇದರರ್ಥವಲ್ಲ.

ರಾಗಿ, ಬಿಸಿಲು, ಹೊಲಿಗೆ ಯಂತ್ರ

ಸಾಲ ತೀರಬೇಕಾದರೆ ಮನೆಯಲ್ಲಿ ದವಸ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕ ಮಹಿಳೆಗೆ ದಿನಕ್ಕೆ 600 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕೆಂದು 2010ರಲ್ಲಿ ಹೇಳಿತ್ತು. 2020ರಲ್ಲಿ ಅದನ್ನು 1000 ಮಿಲಿಗ್ರಾಂಗೆ ಏರಿಸಿತು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಯಲಹಂಕ, ದೊಡ್ಡಬಳ್ಳಾಪುರದ ಕಡೆಯ ಹಳೆಯ ಮನೆಗಳಲ್ಲಿ ಎರಡು ಹೊತ್ತು ಮುದ್ದೆ ಉಣ್ಣುತ್ತಿದ್ದವರಿಗೆ ಈ ಲೆಕ್ಕ ತಿಳಿದಿರಬೇಕಾಗಿರಲಿಲ್ಲ. ಮೊಮ್ಮಕ್ಕಳು ಅನ್ನಕ್ಕೆ, ಬೇಕರಿಗೆ ಹೊರಳಿದ ಮೇಲೆ ತಿಳಿಯುವುದು ಅಗತ್ಯವಾಗಿದೆ.

ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ಡಿ ಜೀವಸತ್ವ ಬೇಕು, ಅದಕ್ಕೆ ಚರ್ಮದ ಮೇಲೆ ಬಿಸಿಲು ಬೀಳಬೇಕು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷವಿಡೀ ಬಿಸಿಲಿಗೆ ಬರವಿಲ್ಲ. ಆದರೆ ಬಿಸಿಲಿದ್ದ ಮಾತ್ರಕ್ಕೆ ಜೀವಸತ್ವವೂ ಇರುತ್ತದೆ ಎಂಬ ನಂಬಿಕೆಯನ್ನು ದೆಹಲಿಯ ಆರೋಗ್ಯವಂತರ ಮೇಲೆ ರವೀಂದರ್ ಗೋಸ್ವಾಮಿ ಮತ್ತು ಸಂಗಡಿಗರು ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಅಲುಗಾಡಿಸಿತು. ಹಲವರಲ್ಲಿ ಮಟ್ಟ ತೀರ ಕೆಳಗಿತ್ತು. ಯಶವಂತಪುರ, ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಗಳಿಗೆ ಬೆಳಿಗ್ಗೆ ಬಸ್ಸು ಹತ್ತಿ, ಟ್ಯೂಬ್‌ಲೈಟ್ ಕೆಳಗೆ ದಿನ ಕಳೆದು, ಕತ್ತಲಾಗುವಾಗ ಮನೆ ಸೇರುವ ಯುವತಿಯರನ್ನು ನೆನೆದರೆ ಕಾರಣ ಹುಡುಕಬೇಕಾಗಿಲ್ಲ. ಮಕ್ಕಳ ನಡುವೆ ಅಂತರ ಬಯಸುವವರೂ ಅದೇ ವಯಸ್ಸಿನವರು. ಚುಚ್ಚುಮದ್ದಿಗೆ ಮೊದಲು ಎಲ್ಲರಿಗೂ ಡೆಕ್ಸಾ ಪರೀಕ್ಷೆ ಮಾಡಬೇಕಾಗಿಲ್ಲ. ಯಂತ್ರದ ಅಳತೆಗೋಲು ಮುಟ್ಟು ನಿಂತವರಿಗಾಗಿ ರೂಪಿಸಿದ್ದು, ಅದರ ಮೂಲ ಅಂಕಿಗಳೂ ಬಿಳಿಯ ಜನಾಂಗದ ಮಹಿಳೆಯರವು. ಏನು ಉಣ್ಣುತ್ತೀರಿ, ಬಿಸಿಲಿಗೆ ಬರುತ್ತೀರಾ, ವಯಸ್ಸು ಎಷ್ಟು, ಎಷ್ಟು ವರ್ಷ ಬೇಕು, ಮಗುವಿಗೆ ಹಾಲೂಡಿಸುತ್ತಿದ್ದೀರಾ, ಮೂರ್ಛೆರೋಗಕ್ಕೋ ಅಸ್ತಮಾಕ್ಕೋ ಮಾತ್ರೆ ನುಂಗುತ್ತೀರಾ ಎಂದು ಕೇಳಲು ಯಂತ್ರ ಬೇಡ. ಹದಿನೆಂಟು–ಹತ್ತೊಂಬತ್ತರಲ್ಲಿ ಮದುವೆಯಾದವಳ ಮೂಳೆ ಇನ್ನೂ ಬಲಿಯುತ್ತಿರುತ್ತದೆ ಎಂಬುದನ್ನು ಕೇಳುವವರು ತಿಳಿದಿದ್ದರೆ ಸಾಕು.

ಪೂರ್ತಿ ಉತ್ತರ ಸಿಗಲು ಇನ್ನೂ ಕಾಲವಿದೆ. ಭಾರತೀಯ ಮಹಿಳೆಯರಲ್ಲಿ ಸಾಮಾನ್ಯವಾಗಿ ಮುಟ್ಟು ನಿಲ್ಲುವುದು ನಲವತ್ತಾರು–ನಲವತ್ತೇಳರ ಸುಮಾರಿಗೆ. ಸೊಂಟದ ಮೂಳೆ ಮುರಿತಗಳು ಬರುವುದು ಅದಕ್ಕೂ ಬಹಳ ವರ್ಷಗಳ ಮೇಲೆ. 2017ರಲ್ಲಿ ಇಪ್ಪತ್ತರ ವಯಸ್ಸಿಗೆ ಮೊದಲ ‘ಅಂತರ’ ಚುಚ್ಚುಮದ್ದು ಪಡೆದವಳಿಗೆ ಅರವತ್ತು ತುಂಬುವುದು 2057ರಲ್ಲಿ.